ತಾಮ್ರದ ಜಾಳಿಗೆಯೊಳಗೆ ನಿದ್ದೆ

ದಾಂಡೇಲಿಗೆ ಮೊಬೈಲ್ ಬಂದ ಹೊಸತರಲ್ಲಿ ನಮ್ಮ ಅಂಬೇವಾಡಿಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ, ಅದೂ ಯಾವುದೋ ಒಂದು ಮೂಲೆಯಲ್ಲಿ. ಸಂಜೆಯಾದರೆ ಓಣಿಯ ಗಂಡಸರೆಲ್ಲ ತಂತಮ್ಮ ಮಾಳಿಗೆ ಹತ್ತಿ, ಒಂದು ಕಿವಿಗೆ ಫೋನು ಒತ್ತಿ ಇನ್ನೊಂದು ಕಿವಿ ಮುಚ್ಚಿಕೊಂಡು, "ಹಲೋ, ಕೇಳಸ್ತೈತೇನು?" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ನಮ್ಮಲ್ಲೂ ಒಂದು ಟವರ್ ಆಗಬೇಕು. ಟವರ್ ಬಂತು. ನಮ್ಮ ಮನೆಯ ಎದುರಿಗೆ, ಕಿರಾಣಿ ಅಂಗಡಿಯವರ ಮಾಳಿಗೆಯ ಮೇಲೇ ಬಂತು. ಅಂಗಡಿಯವರು ತೆಂಗಿನಕಾಯಿ ಒಡೆದು ಎಲ್ಲರಿಗೂ ಪೇಢೆ ಹಂಚಿದರು. ತಿಂದೆವು. ತಿಂದು ಕೈ ತೊಳೆದ ಅದೇ ಗಂಡಸರು ಸ್ವಲ್ಪ ದಿನಕ್ಕೇ ಟವರಿನಿಂದ ತಲೆನೋವು ಬರುತ್ತದೆ, ಗುಬ್ಬಿ ಸಾಯುತ್ತವೆ, ತೆಂಗಿನ ಮಿಡಿ ಉದುರುತ್ತವೆ ಎಂದು ಶುರು ಮಾಡಿದರು. ನಮ್ಮ ಓಣಿಯಲ್ಲಿ ಒಂದು ತೆಂಗಿನ ಮರವೂ ಇರಲಿಲ್ಲ.

ಹಾಗೆ ಶುರು ಮಾಡಿದವರಲ್ಲಿ ಮೊದಲಿಗರು ನಮ್ಮ ಮನೆಯವರೇ.

ಅವರು ಧಾರವಾಡದ ಕಡೆಯ ಹಳ್ಳಿಯಿಂದ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ದೊಡ್ಡ ಆಳು, ದಪ್ಪ ಕೊರಳು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡದ್ದನ್ನು ನಾನು ಮದುವೆಯ ಫೋಟೋದಲ್ಲಿ ಬಿಟ್ಟರೆ ಮತ್ತೆಂದೂ ನೋಡಿಲ್ಲ. ನಲವತ್ತು ದಾಟಿದ ಮೇಲೆ ಅವರಿಗೊಂದು ವಿಚಿತ್ರ ಕಾಟ ಅಂಟಿಕೊಂಡಿತು. ಕೂತಲ್ಲೆಲ್ಲ ತೂಕಡಿಕೆ. ಪೇಪರ್ ಓದುತ್ತ, ತಾಟಿನ ಮುಂದೆ, ಮಾತಿನ ನಡುವೆ. ಒಮ್ಮೆ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಅಲ್ಲೇ ಗೊರಕೆ ಹೊಡೆದರಂತೆ. ಇಡೀ ರಾತ್ರಿ ಹಾಸಿಗೆಯಲ್ಲಿದ್ದೂ ಬೆಳಗ್ಗೆ ಎದ್ದರೆ ನಿದ್ದೆಯೇ ಆಗಿಲ್ಲ ಎನ್ನುತ್ತಿದ್ದರು. ತಲೆ ಸಿಡಿತ, ಒಣಗಿದ ಬಾಯಿ, ಮೂಗಿನ ತುದಿಯಲ್ಲಿ ಸಿಟ್ಟು.

ಕಾರಣ ಏನೆಂದು ನನಗೆ ಪೂರಾ ತಿಳಿಯದಿದ್ದರೂ ಎಲ್ಲಿ ಹುಡುಕಬೇಕೆಂಬುದು ಗೊತ್ತಿತ್ತು. ಟವರ್ ಬರುವುದಕ್ಕೂ ಎಷ್ಟೋ ಮೊದಲಿನಿಂದ ಗೊತ್ತಿತ್ತು. ಅವರ ಗೊರಕೆ ಘಟ್ಟ ಹತ್ತುವ ಲಾರಿಯಂತೆ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತುಬಿಡುತ್ತಿತ್ತು. ಗೊರಕೆಯೂ ಇಲ್ಲ, ಉಸಿರೂ ಇಲ್ಲ. ನಾನು ಎದ್ದು ಕುಳಿತು, ಭುಜ ಹಿಡಿದು ಅಲುಗಿಸಬೇಕು, ಅಷ್ಟರಲ್ಲಿ ನೀರಲ್ಲಿ ಮುಳುಗಿದವರು ಮೇಲೆ ಬಂದಂತೆ ಗಕ್ಕನೆ ಗಾಳಿ ಎಳೆದುಕೊಂಡು ಮತ್ತೆ ಶುರು. ಒಂದು ರಾತ್ರಿಗೆ ಇದು ಎಷ್ಟು ಸಲವೋ. ಬೆಳಗ್ಗೆ ಚಹಾ ಕೊಡುವಾಗ ಹೇಳುತ್ತಿದ್ದೆ.

"ರೀ, ನಿದ್ದ್ಯಾಗ ನಿಮ್ಮ ಉಸಿರು ನಿಂದರತೈತಿ. ಡಾಕ್ಟರ್ ಕಡೆ ಹೋಗೂಣು."

"ಉಸಿರು ನಿಂತಾಂವ ಹಿಂಗ ಕುಂತು ಚಹಾ ಕುಡೀತಾನೇನು? ನಿನಗ ಕನಸು ಬಿದ್ದಿರಬೇಕು."

"ಕನಸು ಬೀಳಾಕ ನಾ ಮಲಗಿದ್ರ ಅಲ್ರಿ!"

"ಗೊರಕಿ ಹೊಡ್ಯೂದು ಗಟ್ಟಿ ನಿದ್ದಿ ಲಕ್ಷಣ. ನಮ್ಮಪ್ಪನೂ ಹೊಡೀತಿದ್ದ."

ಗಟ್ಟಿ ನಿದ್ದೆಯೇ ಆಗಿದ್ದರೆ ಹಗಲೆಲ್ಲ ಯಾಕೆ ತೂಕಡಿಸುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ, ಸಿಟ್ಟು ಮಾತ್ರ. ಟವರ್ ಬಂದ ಮೇಲೆ ಅವರಿಗೆ ಉತ್ತರವೂ ಸಿಕ್ಕಿತು. ಗೊರಕೆ ಎಂದರೆ ಅವಮಾನ, ಹೆಂಡತಿಯ ದೂರು. ಟವರ್ ಎಂದರೆ ಹಾಗಲ್ಲ, ಅದು ಕಬ್ಬಿಣದ್ದು, ಎತ್ತರದ್ದು, ಗಂಡಸಿಗೆ ತಕ್ಕ ಶತ್ರು.

ಅದೇ ಹೊತ್ತಿಗೆ ಊರಿಗೆ ಒಬ್ಬ ತಜ್ಞ ಬಂದ. ಅವನು ಏನು ಓದಿದ್ದನೆಂದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಸಫಾರಿ ಹಾಕಿದ್ದ, ಕೈಯಲ್ಲೊಂದು ಕರಿ ಪೆಟ್ಟಿಗೆ ಇತ್ತು, ನಮ್ಮ ಗಂಡಸರಿಗೆ ಅಷ್ಟು ಸಾಕಾಯಿತು. ಸಮುದಾಯ ಭವನದಲ್ಲಿ ಅವನ ಭಾಷಣ ಇಟ್ಟರು. ನಾನೂ ಹೋಗಿದ್ದೆ. ಅವನು ಮೇಜಿನ ಮೇಲೆ ಒಂದು ರೇಡಿಯೋ ಹಚ್ಚಿಟ್ಟು, ಅದರ ಪಕ್ಕಕ್ಕೆ ಮೊಬೈಲ್ ಹಿಡಿದು, ಸಂಗಡ ಬಂದವನಿಗೆ ರಿಂಗ್ ಕೊಡಲು ಹೇಳಿದ. ರೇಡಿಯೋ ಕಟಕಟ ಕಟಕಟ ಎಂದು ಒದರಿತು. ಆ ಸದ್ದು ಮೊಬೈಲ್ ಇದ್ದ ಪ್ರತಿ ಮನೆಯಲ್ಲೂ ದಿನಾ ಕೇಳುತ್ತಿದ್ದದ್ದೇ, ಟಿವಿಯ ಹತ್ತಿರ ಫೋನ್ ಇಟ್ಟರೂ ಬರುತ್ತಿತ್ತು. ಆದರೆ ಅವತ್ತು ಮಾತ್ರ ಇಡೀ ಸಭೆ ಹೊಸದಾಗಿ ಕೇಳಿದಂತೆ ಗಪ್ಪಾಯಿತು.

"ಕೇಳಿದ್ರಿ? ಇದ ಸದ್ದು ನಿಮ್ಮ ಮಿದುಳಿನ್ಯಾಗ ಹಗಲೂ ರಾತ್ರಿ ನಡದೈತಿ," ಎಂದ ತಜ್ಞ. "ನಿದ್ದಿ ಹೆಂಗ ಬಂದೀತು?"

ನಮ್ಮ ಮನೆಯವರು ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಇದ್ದ ಗೆಲುವನ್ನು ನಾನು ಮರೆತಿಲ್ಲ.

ಭಾಷಣದ ನಡುವೆ ತಜ್ಞನ ಎರಡೂ ಜೇಬಿನ ಎರಡು ಫೋನುಗಳು ಒಂದಾದ ಮೇಲೊಂದು ಹೊಡೆದುಕೊಂಡವು. ಎರಡನ್ನೂ ಎತ್ತಿ, ಕಿವಿಗೆ ಹಚ್ಚಿ, ಆರಾಮಾಗಿ ಮಾತಾಡಿ, ಮತ್ತೆ ಬಂದು ಮಿದುಳು ಕುದಿಯುವ ವಿಷಯ ಮುಂದುವರಿಸಿದ. ಒಬ್ಬರಾದರೂ ನಗಬೇಕಲ್ಲ! ಕೊನೆಗೆ ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದು ನಿಂತೆ.

"ನಿದ್ದ್ಯಾಗ ಉಸಿರು ನಿಂತು ನಿಂತು ಬರೂದು ಯಾತರಿಂದ್ರಿ?"

"ತರಂಗದಿಂದ, ತಾಯಿ," ಎಂದ ಅವನು, ಒಂದು ಕ್ಷಣವೂ ತಡೆಯದೆ. "ಟವರ್ ಬಂದ ಮ್ಯಾಲ ಶುರು ಆಗಿರಬೇಕಲಾ?"

"ಇಲ್ರಿ. ಟವರ್ ಬರೂಕಿಂತ ಭಾಳ ಮೊದಲಿಂದ ಐತಿ."

"ಹಂಗಾರ ದೂರದ ಟವರಿಂದ," ಎಂದು ಮುಂದಿನವರ ಪ್ರಶ್ನೆ ತೆಗೆದುಕೊಂಡ. ನಮ್ಮ ಮನೆಯವರು ಸೆರಗು ಜಗ್ಗಿ ನನ್ನನ್ನು ಕೂರಿಸಿದರು.

ಕರಿ ಪೆಟ್ಟಿಗೆಯಲ್ಲಿ ಇದ್ದದ್ದು ಸಾಮಾನು. ಫೋನಿನ ಬೆನ್ನಿಗೆ ಅಂಟಿಸುವ ಬಂಗಾರ ಬಣ್ಣದ ಚೀಟಿ, ದಿಂಬಿನ ಕೆಳಗೆ ಇಡುವ ತಗಡು, ಕಿಟಕಿಗೆ ಹೊಡೆಯುವ ತಾಮ್ರದ ತಂತಿಯ ಜಾಳಿಗೆ. ನಮ್ಮ ಮನೆಯವರು ಒಂದನ್ನೂ ಬಿಡಲಿಲ್ಲ. ಸೊಪ್ಪಿನವಳೊಂದಿಗೆ ಒಂದು ಸೂಡು ಕೊತ್ತಂಬರಿಗೆ ಜಗಳಾಡುವ ಮನುಷ್ಯ ಅಲ್ಲಿ ಬಾಯಿ ತೆರೆಯದೆ ಕೇಳಿದಷ್ಟು ದುಡ್ಡು ಕೊಟ್ಟು ಬಂದರು. ಎರಡು ದಿನ ರಜೆ ಹಾಕಿ ಮಲಗುವ ಕೋಣೆಯ ಕಿಟಕಿ, ವೆಂಟಿಲೇಟರ್, ಕದದ ಸಂದು ಎಲ್ಲಕ್ಕೂ ಜಾಳಿಗೆ ಹೊಡೆದರು. ಜಾಳಿಗೆ ಸಾಲದೆ ಹೋದ ಕಡೆ ಕೋಳಿಗೂಡಿನ ಬಲೆ ತಂದು ಹೊಡೆದರು. ನಾವಿಬ್ಬರೂ ಅದರೊಳಗೆ ಮಲಗಿದಾಗ ಬೆಳಗ್ಗೆ ಎದ್ದು ಮೊಟ್ಟೆ ಇಡಬೇಕೇನೋ ಎನಿಸುತ್ತಿತ್ತು. ಫೋನಿಗೆ ಅಕ್ಕಿ ಡಬ್ಬಿಯೊಳಗೆ ಜಾಗ ಮಾಡಿದರು. ಯಾರಾದರೂ ಫೋನ್ ಮಾಡಿದರೆ ಅಕ್ಕಿ ಗುಂಯ್ ಎನ್ನುತ್ತಿತ್ತು. ಡಬ್ಬಿ ತೆಗೆದು, ಕೈ ಹಾಕಿ, ಹುಡುಕಿ ತೆಗೆಯುವ ಹೊತ್ತಿಗೆ ಕರೆ ಮುಗಿದಿರುತ್ತಿತ್ತು. ಫೋನಿನ ಗುಂಡಿಗಳ ಸಂದಿನಲ್ಲಿ ನುಚ್ಚು.

ಮೊದಲ ವಾರ ಅವರು ಬಹಳ ಆರಾಮ ಎಂದರು. ತಲೆ ಹಗುರಾಗಿದೆ, ಕಣ್ಣು ಚುರುಕಾಗಿದೆ ಎಂದು ಓಣಿಯಲ್ಲಿ ಕಂಡಕಂಡವರಿಗೆ ಹೇಳಿದರು. ಪಕ್ಕದಲ್ಲಿ ಮಲಗಿದ್ದ ನನಗೆ ಗೊತ್ತಿತ್ತು, ಗೊರಕೆ ಹಾಗೆಯೇ ಏರುತ್ತಿತ್ತು, ಉಸಿರು ಹಾಗೆಯೇ ನಿಲ್ಲುತ್ತಿತ್ತು. ಎರಡನೆಯ ವಾರ ಮತ್ತೆ ತಾಟಿನ ಮುಂದೆ ತೂಕಡಿಸಿದರು. ತಜ್ಞನನ್ನು ಕೇಳಿದ್ದಕ್ಕೆ, ಟವರಿನವರು ಪವರ್ ಜಾಸ್ತಿ ಮಾಡಿರಬೇಕು, ಇನ್ನೊಂದು ಪದರ ಹಾಕಿ ಎಂದನಂತೆ. ಹಾಕಿದರು. ಕೋಣೆಯಲ್ಲಿ ಗಾಳಿ ಆಡುವುದೂ ನಿಂತಿತು.

ಟವರ್ ತೆಗೆಸಲು ಅರ್ಜಿಯೂ ಬರೆದರು. ಓಣಿಯ ಗಂಡಸರೆಲ್ಲ ಸಹಿ ಮಾಡಿದರು. ಸಹಿ ಮಾಡಿದ ಮಾರನೆಯ ದಿನ ಕರೆಂಟು ಹೋಗಿ ಸಿಗ್ನಲ್ ಸತ್ತಾಗ, ಅದೇ ಗಂಡಸರು ಕಿರಾಣಿ ಅಂಗಡಿಯ ಮುಂದೆ ನಿಂತು, ಟವರ್ ಯಾವಾಗ ಶುರು ಆಗ್ತೈತಿ ಎಂದು ಅಂಗಡಿಯವರ ಜೀವ ತಿಂದರು. ಅಂಗಡಿಯವರು ಒಳ್ಳೆಯ ಮನುಷ್ಯ. ನನಗೆ ಸಕ್ಕರೆ ಕಟ್ಟಿಕೊಡುತ್ತ ಹೇಳಿದರು: "ಅಕ್ಕಾರ, ಟವರಿನ ಬುಡಕ್ಕ ಮಲಗಾಂವ ನಾನು. ನನಗ ಕರೆದ ಕೂಡಲೇ ಬರ್ತೈತಿ ನಿದ್ದಿ. ನಿಮ್ಮ ಯಜಮಾನ್ರಿಗೆ ಏನಾಗೇತಿ ನೋಡ್ಸ್ರಿ." ನೋಡಿಸುವುದು ನನ್ನ ಕೈಯಲ್ಲಿದ್ದರೆ ಆಗಲೇ ನೋಡಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಹಳಿಯಾಳದಲ್ಲಿ ಒಂದು ಮದುವೆ ಇತ್ತು. ನಮ್ಮ ಮನೆಯವರ ಸ್ಕೂಟರಿನ ಹಿಂದೆ ಕುಳಿತು ಹೋಗುತ್ತಿದ್ದೆ. ಕಾಡು ಮುಗಿದು ಹೊಲಗಳು ಶುರುವಾಗುವ ಕಡೆ, ರಸ್ತೆ ಸಪಾಟು, ಬಿಸಿಲು, ಎದುರಿಗೆ ಒಂದು ಗಾಡಿಯೂ ಇಲ್ಲ. ಏನೋ ಹೇಳಬೇಕೆಂದು ಮುಂದೆ ಬಾಗಿದೆ. ಅವರ ತಲೆ ಎದೆಯ ಮೇಲೆ ಬಿದ್ದಿತ್ತು. ಸ್ಕೂಟರು ತನ್ನ ಪಾಡಿಗೆ ಓಡುತ್ತಿತ್ತು. "ರೀ!" ಎಂದು ಚೀರಿ ಬೆನ್ನಿಗೆ ಗುದ್ದಿದೆ. ಎಚ್ಚರಾದವರು ಗಾಬರಿಯಿಂದ ಹ್ಯಾಂಡಲ್ ತಿರುವಿದರು. ಇಬ್ಬರೂ ರಸ್ತೆಬದಿಯ ತಗ್ಗಿಗೆ ಬಿದ್ದೆವು. ಅವರಿಗೆ ಮೊಣಕಾಲು ತರಚಿತು. ನನ್ನ ಬಲಗೈ ಮಣಿಕಟ್ಟು ಮುರಿಯಿತು.

ಹೊಲದಲ್ಲಿದ್ದ ಜನ ಓಡಿ ಬಂದು ನಮ್ಮನ್ನು ಎಬ್ಬಿಸಿದರು. ಒಬ್ಬರು ನೀರು ಕೊಟ್ಟು, ಏನಾತ್ರಿ ಎಂದು ಕೇಳಿದರು. ನಾನು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ನಮ್ಮ ಮನೆಯವರು ಅವರಿಗೆ ಹೇಳುತ್ತಿದ್ದರು: "ತರಂಗದ ಹೊಡತ ರೀ. ಒಮ್ಮೆಲೇ ತಲಿ ಗಿರ್ರ್ ಅಂತು." ನೀರು ಕೊಟ್ಟವರು ಪಾಪ ಸುತ್ತ ನೋಡಿದರು. ಕಣ್ಣು ಹಾಯುವವರೆಗೂ ಟವರ್ ಇರಲಿಲ್ಲ. ಎರಡು ಎತ್ತು ನಿಂತಿದ್ದವು.

ಆ ಕೈ ಈಗಲೂ ಸ್ವಲ್ಪ ಸೊಟ್ಟ. ರೊಟ್ಟಿ ಬಡಿದರೆ ನೋಯುತ್ತದೆ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ನಾನು ಅವರೊಂದಿಗೆ ಮಾತಾಡುವುದನ್ನೇ ಕಡಿಮೆ ಮಾಡಿದೆ. ಅವರು ಅದಕ್ಕೂ ತರಂಗವನ್ನೇ ದೂರಿದರೋ ಏನೋ. ಕೊನೆಗೆ ಅವರೇ ಒಂದು ಉಪಾಯ ತೆಗೆದರು: ತರಂಗವೇ ಇಲ್ಲದ ಕಡೆ ಹೋಗಿ ಕೆಲವು ದಿನ ಇರುವುದು. ನನ್ನ ತಂಗಿಯ ಗಂಡ ರೈಲ್ವೆಯಲ್ಲಿದ್ದ, ಕ್ಯಾಸಲ್‌ರಾಕಿನಲ್ಲಿ. ಸುತ್ತ ಕಾಡು, ಮೊಬೈಲ್ ಅಲ್ಲಿ ಬರೀ ಗಡಿಯಾರ. ನನಗೆ ಒಂದು ಕೈಯಲ್ಲಿ ಅಡುಗೆ ಮಾಡುವುದು ತಪ್ಪಿತಲ್ಲ ಎಂದು ಹೊರಟೆ.

ಹೋದ ದಿನ ಸಂಜೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕುಳಿತು ನಮ್ಮ ಮನೆಯವರು ಉದ್ದಕ್ಕೆ ಉಸಿರೆಳೆದು, "ನೋಡು, ತಲಿ ಎಷ್ಟು ತಣ್ಣಗಾತು! ಇವತ್ತು ನಿದ್ದಿ ಅಂದ್ರ ನಿದ್ದಿ," ಎಂದರು. ಅವರು ಹೊರಕೋಣೆಯಲ್ಲಿ ಷಡ್ಡಕನ ಪಕ್ಕ ಮಲಗಿದರು, ನಾನು ಒಳಗೆ ತಂಗಿಯ ಜೊತೆ.

ಬೆಳಗ್ಗೆ ನಾನು ಎದ್ದು ಬಂದಾಗ ತಂಗಿಯ ಗಂಡ ಒಲೆಯ ಮುಂದೆ ಕುಳಿತಿದ್ದ. ಕಣ್ಣು ಕೆಂಪಗೆ. ತಂಗಿ ಚಹಾ ಸೋಸುತ್ತಿದ್ದಳು. ನಾನು ಬಿಡುವಿದ್ದ ಎಡಗೈಯಿಂದ ಅಕ್ಕಿಯಲ್ಲಿ ಕಲ್ಲು ಆರಿಸಲು ಕುಳಿತೆ. ನಮ್ಮ ಮನೆಯವರು ತಲೆ ಒತ್ತಿಕೊಳ್ಳುತ್ತ ಬಂದು ಚಹಾದ ಬಸಿ ಕೈಗೆ ತೆಗೆದುಕೊಂಡರು.

"ಅಣ್ಣಾರ," ಎಂದ ತಂಗಿಯ ಗಂಡ, ಬಹಳ ಸಂಕೋಚದಿಂದ, "ನಿಮಗೆ ಆರಾಮ ಇಲ್ಲೇನ್ರಿ? ರಾತ್ರಿ ನನಗ ಜೀವಾನ ಹೋತು. ನಿಮ್ಮ ಉಸಿರು ನಿಂತಬಿಡ್ತಿತ್ತ್ರಿ. ಮೂಗಿನ ಮುಂದ ಕೈ ಹಿಡದು ನೋಡಿದೆ, ಗಾಳೀನ ಇಲ್ಲ. ಅಕ್ಕಾರನ್ನ ಎಬ್ಬಸಬೇಕು ಅನ್ನೂದ್ರಾಗ ಮತ್ತ ಬಂತು. ಮತ್ತ ನಿಂತು, ಮತ್ತ ಬಂತು. ಬೆಳಕು ಹರಿಯೂತನಕ ಹಿಂಗ."

ನಮ್ಮ ಮನೆಯವರ ಮುಖ ಬಿಳಚಿತು. ಕೈಯಲ್ಲಿದ್ದ ಬಸಿ ಕೆಳಗಿಟ್ಟರು.

"ಖರೇನ?"

"ದೇವರಾಣಿ ಅಣ್ಣಾರ."

"ಉಸಿರು ನಿಂದರೂದಂದ್ರ ಸಣ್ಣ ಮಾತ ಏನು?" ಎಂದರು ನಮ್ಮ ಮನೆಯವರು. "ಇಷ್ಟ ದಿನ ಇದನ್ನ ನನಗ ಯಾರೂ ಹೇಳಲಿಲ್ಲಲಾ!"

ನಾನು ಅಲ್ಲೇ ಇದ್ದೆ. ಅವರಿಂದ ಒಂದು ಮಾರು ದೂರ, ಕೈಗೆ ಪ್ಲಾಸ್ಟರ್, ಮಡಿಲಲ್ಲಿ ಮೊರ. ತಂಗಿ ನನ್ನ ಮುಖ ನೋಡಿದಳು. ಹೇಳಬಹುದಾದ ಮಾತುಗಳೆಲ್ಲ ನಾಲಗೆಯ ತುದಿಯವರೆಗೆ ಬಂದವು, ಆದರೆ ಆ ಮನುಷ್ಯನಿಗೆ ಅವನ್ನು ಖರ್ಚು ಮಾಡುವುದು ದಂಡ ಎನಿಸಿತು. ಅವತ್ತಿನಷ್ಟು ತಾತ್ಸಾರ ನನಗೆ ಯಾರ ಮೇಲೂ, ಆ ಸಫಾರಿಯವನ ಮೇಲೂ, ಬಂದದ್ದಿಲ್ಲ. ಅವನು ಹೊಟ್ಟೆಪಾಡಿಗೆ ಸುಳ್ಳು ಹೇಳುತ್ತಿದ್ದ. ಇವರು ಪಕ್ಕದಲ್ಲಿ ಮಲಗಿದವಳ ಕಣ್ಣನ್ನೇ ಸಾಕ್ಷಿಯಲ್ಲ ಎಂದುಕೊಂಡಿದ್ದರು.

ಅದೇ ವಾರ ಹುಬ್ಬಳ್ಳಿಗೆ ಹೋದೆವು. ಕಿವಿ, ಮೂಗು, ಗಂಟಲಿನ ಡಾಕ್ಟರು, ವಯಸ್ಸಾದವರು. ನಮ್ಮ ಮನೆಯವರು ಟವರಿನಿಂದ ಶುರು ಮಾಡಿ ಜಾಳಿಗೆಯವರೆಗೆ ಬಂದಿದ್ದರು. ಡಾಕ್ಟರು ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ, ಕೊರಳಿನ ಸುತ್ತಳತೆ ಹಿಡಿದು, "ಇವರ ಬಾಜೂ ಮಲಗೋರು ಯಾರು?" ಎಂದರು.

"ನಾನ್ರಿ."

"ಹಂಗಾರ ನೀವು ಹೇಳ್ರಿ. ಅವರಿಗೇನು ಗೊತ್ತಿರತೈತಿ, ಅವರು ನಿದ್ದ್ಯಾಗ ಇರ್ತಾರ."

ನಾನು ಎಲ್ಲ ಹೇಳಿದೆ. ಲಾರಿಯಂಥ ಗೊರಕೆ, ನಿಲ್ಲುವ ಉಸಿರು, ಕ್ಷೌರದಂಗಡಿ, ಸ್ಕೂಟರು. ಡಾಕ್ಟರು ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಮ್ಮ ಮನೆಯವರಿಗೆ ತಿಳಿಸಿ ಹೇಳಿದರು: ಮಲಗಿದಾಗ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ, ಪ್ರತಿ ಸಲ ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಹಾಗಾಗಿ ರಾತ್ರಿಯೆಲ್ಲ ಮಲಗಿದರೂ ನಿದ್ದೆ ಆಗುವುದಿಲ್ಲ. ತೂಕ ಇಳಿಸಬೇಕು. ಒಂದು ಪರೀಕ್ಷೆ ಮಾಡಿಸಿ, ಗಾಳಿ ಒತ್ತುವ ಮಶೀನು ಹಚ್ಚಿಕೊಂಡು ಮಲಗಬೇಕಾಗುತ್ತದೆ.

"ಟವರಿಂದ ಏನೂ ಆಗೂದಿಲ್ಲೇನ್ರಿ ಹಂಗಾರ?" ಎಂದು ನಮ್ಮ ಮನೆಯವರು ಕೇಳಿದರು. ಆ ದನಿಯಲ್ಲಿ ಏನೋ ಕಳೆದುಕೊಂಡ ದುಃಖವಿತ್ತು.

"ತರಂಗದಿಂದ ಏನು ಆಗತೈತಿ, ಏನು ಇಲ್ಲ ಅಂತ ಓದಿದವರು ಇನ್ನೂ ಹುಡುಕ್ಲಿಕ್ಕತ್ತಾರ. ನಾ ಅದರಾಗ ಪಂಡಿತ ಅಲ್ಲ. ಫೋನು ದಿಂಬಿನ ಕಡೆ ಇಟ್ಕೊಂಡು ಕುಂಯ್ ಅಂದಾಗೊಮ್ಮೆ ಎದ್ದು ನೋಡಿದ್ರ ನಿದ್ದಿ ಕೆಡತೈತಿ, ಅಷ್ಟು ಬಲ್ಲೆ. ಆದರ ನಿಮ್ಮ ಉಸಿರು ಕಟ್ಟಿದ್ದು ನಿಮ್ಮ ಗಂಟಲದಾಗ. ಅದಕ್ಕ ಕಿಟಕಿಗೆ ಜಾಳಿಗಿ ಬಡದು ಏನುಪಯೋಗ?"

ಪರೀಕ್ಷೆಯೂ ಅದನ್ನೇ ಹೇಳಿತು. ಮಶೀನು ಬಂತು. ಮೂಗಿಗೆ ಕಟ್ಟಿಕೊಳ್ಳುವ ಮುಖವಾಡ, ಅದಕ್ಕೊಂದು ಕೊಳವೆ. "ಆನಿ ಸೊಂಡಿಲ ಕಟಗೊಂಡು ಮಲಗಲೇನು?" ಎಂದು ಕೆಲವು ದಿನ ಮುಟ್ಟಲಿಲ್ಲ. ಕ್ಯಾಸಲ್‌ರಾಕಿನಲ್ಲಿ ಹುಟ್ಟಿದ ಭಯ ಇನ್ನೂ ಇತ್ತಾದ್ದರಿಂದ ಕಡೆಗೆ ಕಟ್ಟಿಕೊಂಡರು. ಸ್ವಲ್ಪ ದಿನದಲ್ಲಿ ತೂಕಡಿಕೆ ಹೋಯಿತು, ತಲೆನೋವು ಹೋಯಿತು, ಸಿಟ್ಟು ಕೂಡ ಅರ್ಧಕ್ಕಿಳಿಯಿತು. ಜಾಳಿಗೆ ಕಿತ್ತು ಹಿತ್ತಲಿಗೆ ಹಾಕಿ ಹೀರೇಬಳ್ಳಿ ಹಬ್ಬಿಸಿದೆ. ಎಷ್ಟೋ ವರ್ಷಗಳ ಮೇಲೆ ನನಗೂ ನಿದ್ದೆ ಬಂತು. ನನ್ನ ನಿದ್ದೆ ಎಲ್ಲಿ ಹೋಗಿತ್ತೆಂದು ಆ ತನಕ ಯಾವ ತಜ್ಞನೂ ಕೇಳಿರಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮುಂದಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಪಕ್ಕದ ಮನೆಯವಳು ಬಂದು, "ವೈನಿ, ಜಾಳಿಗಿ ಹೆಂಗ ಹೊಡೀಬೇಕು ಸ್ವಲ್ಪ ತೋರಸ್ರಿ, ನಿನ್ನೆ ತಂದೀವಿ," ಎಂದಳು.

"ಯಾವ ಜಾಳಿಗಿ?"

"ತಾಮ್ರದ್ದು. ಅಣ್ಣಾರು ಮೊನ್ನೆ ಹಳಿಯಾಳದಾಗ ಭಾಷಣ ಮಾಡಿದ್ರಂತಲಾ, ಅದರಿಂದ ಆರಾಮ ಆತು ಅಂತ. ನಮ್ಮ ಮನ್ಯಾಗೂ ನಿದ್ದಿ ಇಲ್ರಿ ಅವರಿಗೆ. ಒಂದೇ ಸಮ ಗೊರಕಿ."

ಸಂಬಂಧಿಕರನ್ನು ನೋಡಿ ಬರುತ್ತೇನೆಂದು ಹೇಳಿ ಇವರು ಹಳಿಯಾಳಕ್ಕೆ ಹೋಗಿದ್ದು ನಿಜ. ಸಫಾರಿಯವನ ಜೊತೆ ವೇದಿಕೆ ಹತ್ತಿ, ಹೂಮಾಲೆ ಹಾಕಿಸಿಕೊಂಡು, ಟವರಿನಿಂದ ಸಾಯುತ್ತಿದ್ದ ನಾನು ಜಾಳಿಗೆಯಿಂದ ಬದುಕಿದೆ ಎಂದು ಹೇಳಿ ಬಂದಿದ್ದರು. ಮುಖವಾಡದ ಮಾತು ಎತ್ತಿರಲಿಲ್ಲ. ಸಂಜೆ ಬಂದಾಗ ಕೇಳಿದೆ.

"ನಾಲ್ಕು ಮಂದ್ಯಾಗ ಹೆಂಗ ಹೇಳಲಿ, ಮೂಗಿಗೆ ಸೊಂಡಿಲ ಕಟಗೊಂಡು ಮಲಗತೇನಿ ಅಂತ?" ಎಂದರು. "ಅಂವ ಭಾಳ ಕೇಳ್ಕೊಂಡ. ಒಂದು ಮಾತು ಹೇಳಿದ್ರ ಏನಾತು?"

ನಾನು ಹೊರಗೆ ಹೋಗಿ ಪಕ್ಕದ ಮನೆಯವಳನ್ನೂ ಅವಳ ಗಂಡನನ್ನೂ ಕರೆತಂದೆ. ಕೋಣೆಗೆ ಕರೆದೊಯ್ದು, ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಮಶೀನಿನ ಬಟ್ಟೆ ಸರಿಸಿ, ಮುಖವಾಡ ಎತ್ತಿ ಹಿಡಿದೆ. "ಇವರನ್ನ ಆರಾಮ ಮಾಡಿದ್ದು ಇದು," ಎಂದೆ. "ಜಾಳಿಗಿ ಹಿತ್ತಲದಾಗೈತಿ, ಬರ್ರಿ, ಹೀರಿಕಾಯಿ ಬಿಟ್ಟಾವ, ನೋಡೂಣು."

ನಮ್ಮ ಮನೆಯವರು ಪಡಸಾಲೆಯಲ್ಲಿ ಟಿವಿಯ ದನಿ ದೊಡ್ಡದು ಮಾಡಿದರು. ಎರಡು ವಾರ ನನ್ನೊಂದಿಗೆ ಮಾತಾಡಲಿಲ್ಲ. ನನಗೆ ಅದೇನು ಕೊರತೆ ಎನಿಸಲಿಲ್ಲ.

ಸುದ್ದಿ ಅಂಬೇವಾಡಿಯಲ್ಲೆಲ್ಲ ಹಬ್ಬಿತು. ಗಂಡಸರು ನಕ್ಕರು. ಆದರೆ ಮಧ್ಯಾಹ್ನದ ಹೊತ್ತು, ಗಂಡಸರು ಕೆಲಸಕ್ಕೆ ಹೋದಾಗ, ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಮಶೀನು ನೋಡಿ, ಹುಬ್ಬಳ್ಳಿ ಡಾಕ್ಟರ ವಿಳಾಸ ಬರೆದುಕೊಳ್ಳುತ್ತಿದ್ದರು. ಅವರೆಲ್ಲರದೂ ಒಂದೇ ಮಾತು: "ನಾವೂ ಹೇಳೀವ್ರಿ ವೈನಿ. ಕೇಳೂದಿಲ್ಲ."

"ನೀವು ಹೇಳಬ್ಯಾಡ್ರಿ," ಎನ್ನುತ್ತಿದ್ದೆ ನಾನು. "ನಿಮ್ಮ ಅಣ್ಣನ್ನೋ ಮೈದುನನ್ನೋ ಕರಿಸಿ ಒಂದು ರಾತ್ರಿ ಅವರ ಬಾಜೂ ಮಲಗಸ್ರಿ. ಬೆಳಿಗ್ಗೆ ಅವನ ಬಾಯಿಂದ ಹೇಳಸ್ರಿ."

ಪಕ್ಕದ ಮನೆಯವಳು ತನ್ನ ಮೈದುನನನ್ನು ಮುಂಡಗೋಡಿನಿಂದ ಕರೆಸಿದಳು. ಅವನು ಒಂದೇ ರಾತ್ರಿ ಮಲಗಿ, ಬೆಳಗ್ಗೆ ಹಲ್ಲು ಉಜ್ಜುವ ಮೊದಲೇ ಅಣ್ಣನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿಕೊಂಡು ಹೋದ.